ಗಳಿಸಿದ ಪರಂಪರೆ: ಪಂಡಿತ ರಾಜೀವ ತಾರಾನಾಥರ ಸರೋದ್ ಸಾಧನೆ ಮತ್ತು ಪ್ರಭಾವ

ಪೀಠಿಕೆ

ಕರ್ನಾಟಕದ ಸಂಗೀತ ಚರಿತ್ರೆಯಲ್ಲಿ ಹಿಂದೂಸ್ತಾನಿ ಪದ್ಧತಿಗೆ ಸಂದಿರುವ ಸ್ಥಾನ ಬಹುಮಟ್ಟಿಗೆ ಗಾಯನದಿಂದ ಬಂದುದು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಅವರ ಹೆಸರುಗಳನ್ನು ನೆನೆದೊಡನೆ ಧಾರವಾಡ ಸೀಮೆಯ ಕಂಠಸಂಗೀತದ ವೈಭವ ಕಣ್ಮುಂದೆ ಬರುತ್ತದೆ. ವಾದ್ಯಸಂಗೀತದಲ್ಲಿ ಸಿತಾರ್ ರತ್ನ ರಹಿಮತ್ ಖಾನರು ಧಾರವಾಡದಲ್ಲಿ ನೆಲೆ ನಿಂತುದರಿಂದ ಸಿತಾರಿಗೆ ಇಲ್ಲಿ ಒಂದು ಮನೆತನವೇ ಬೆಳೆಯಿತು. ದಕ್ಷಿಣದ ಮೈಸೂರು ಸೀಮೆಯಲ್ಲಿ ವೀಣೆ ಮತ್ತು ಪಿಟೀಲುಗಳಿಗೆ ಅರಮನೆಯ ಆಶ್ರಯವೂ ಜನರ ಪ್ರೀತಿಯೂ ದೊರೆತಿದ್ದವು. ಆದರೆ ಸರೋದಿಗೆ ಈ ನಾಡಿನಲ್ಲಿ ಅಂತಹ ಆಳವಾದ ಬೇರು ಇರಲಿಲ್ಲ. ಅದು ಬಂಗಾಳ, ರಾಂಪುರ, ಗ್ವಾಲಿಯರ್, ಮೈಹರ್ ಮೊದಲಾದ ಉತ್ತರದ ನೆಲೆಗಳಲ್ಲಿ, ಹೆಚ್ಚಾಗಿ ತಂದೆಯಿಂದ ಮಗನಿಗೆ ಸಾಗಿಬಂದ ವಾದ್ಯ.

ಇಂತಹ ವಾದ್ಯವನ್ನು ಕನ್ನಡದ ಸಾಹಿತ್ಯಿಕ ವಾತಾವರಣದಲ್ಲಿ ಬೆಳೆದ, ಇಂಗ್ಲಿಷ್ ಅಧ್ಯಾಪಕ ವೃತ್ತಿಯ ಹಾದಿಯಲ್ಲಿದ್ದ ಒಬ್ಬ ತರುಣ ಕೈಗೆತ್ತಿಕೊಂಡು, ಸುಮಾರು ಎಪ್ಪತ್ತು ವರ್ಷಗಳ ಕಾಲ ಅದನ್ನೇ ಬದುಕಾಗಿಸಿಕೊಂಡ ಕಥೆ ಪಂಡಿತ ರಾಜೀವ ತಾರಾನಾಥರದು. ಪರಂಪರೆ ಎಂಬುದು ರಕ್ತದಿಂದ ಬರುವ ಸೊತ್ತೋ, ಅಥವಾ ಶ್ರಮದಿಂದ ಗಳಿಸಬೇಕಾದ ಸಂಪತ್ತೋ ಎಂಬ ಪ್ರಶ್ನೆಗೆ ಅವರ ಬದುಕು ಒಂದು ಉತ್ತರವಾಗಿದೆ. ಆ ಉತ್ತರದ ಸ್ವರೂಪವನ್ನು ಅರಿಯುವುದೇ ಪ್ರಸ್ತುತ ಲೇಖನದ ಉದ್ದೇಶ.

ಪ್ರೇಮಾಯತನದ ಹಿನ್ನೆಲೆ

ರಾಜೀವ ತಾರಾನಾಥರು 1932ರ ಅಕ್ಟೋಬರ್ 17ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಪಂಡಿತ ತಾರಾನಾಥರು ಕನ್ನಡ ನಾಡಿನ ಅಸಾಧಾರಣ ವ್ಯಕ್ತಿಗಳಲ್ಲಿ ಒಬ್ಬರು. ವೈದ್ಯ, ಶಿಕ್ಷಣ ಚಿಂತಕ, ಪತ್ರಿಕಾ ಸಂಪಾದಕ, ನಾಟಕಕಾರ, ಸಂಗೀತಜ್ಞ ಎಂಬ ಹಲವು ನೆಲೆಗಳಲ್ಲಿ ದುಡಿದ ಅವರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಬಳಿಕ ತುಂಗಭದ್ರೆಯ ದಡದಲ್ಲಿ ಪ್ರೇಮಾಯತನವೆಂಬ ಆಶ್ರಮವನ್ನು ಸ್ಥಾಪಿಸಿದರು. ಜಾತಿಮತಗಳ ಗೋಡೆಗಳನ್ನು ಒಪ್ಪದ, ಹಿಂದೂ ಮುಸ್ಲಿಮ್ ಸಾಮರಸ್ಯವನ್ನು ಬದುಕಿನ ಸಹಜ ರೀತಿಯೆಂದೇ ಭಾವಿಸಿದ ಆ ವಾತಾವರಣದಲ್ಲಿ ಔಷಧಿ, ಪುಸ್ತಕ ಮತ್ತು ತಂಬೂರಿಗಳು ಒಂದೇ ಸೂರಿನಡಿ ಇದ್ದವು. ತಾಯಿ ಸುಮತೀಬಾಯಿಯವರೂ ಸ್ತ್ರೀಶಿಕ್ಷಣದಲ್ಲಿ ಆಸಕ್ತಿ ತಳೆದಿದ್ದ ವಿದ್ಯಾವಂತೆ.

ರಾಜೀವರ ಮೊದಲ ಗುರು ತಂದೆಯವರೇ. ಅವರು ಮೊದಲು ಕಲಿತದ್ದು ವಾದ್ಯವನ್ನಲ್ಲ, ಹಾಡುಗಾರಿಕೆಯನ್ನು. ಒಂಬತ್ತರ ಪ್ರಾಯದಲ್ಲಿ ಸಾರ್ವಜನಿಕವಾಗಿ ಹಾಡಿದ ಅವರು ಇಪ್ಪತ್ತು ತುಂಬುವ ಮೊದಲೇ ಆಕಾಶವಾಣಿಯ ಗಾಯಕರಾಗಿದ್ದರು. 1942ರಲ್ಲಿ ಪಂಡಿತ ತಾರಾನಾಥರು ತೀರಿಕೊಂಡಾಗ ಮಗನಿಗೆ ಹತ್ತು ವರ್ಷ. ತಂದೆಯ ಸಂಗಡ ಕಲಿಯಲು ದೊರೆತ ಕಾಲ ಅಲ್ಪವೇ ಆದರೂ ಆ ಕಾಲದಲ್ಲಿ ಎರಡು ಸಂಗತಿಗಳು ಗಟ್ಟಿಯಾಗಿ ನೆಲೆಗೊಂಡವು. ಸ್ವರವೆಂಬುದು ಮೊದಲು ಕಂಠದಲ್ಲಿ ಹುಟ್ಟುತ್ತದೆ ಎಂಬುದು ಒಂದು. ವಿದ್ಯೆಗೆ ಮತದ ಅಥವಾ ಕುಲದ ಬೇಲಿ ಇಲ್ಲ ಎಂಬುದು ಇನ್ನೊಂದು. ಮುಂದೆ ಅವರು ಮೈಹರ್ ಘರಾನೆಯ ಉಸ್ತಾದರ ಬಾಗಿಲಲ್ಲಿ ಶಿಷ್ಯರಾಗಿ ನಿಂತುದರ ಹಿಂದೆ ಈ ಎರಡೂ ಸಂಗತಿಗಳಿವೆ.

ಸಾಹಿತ್ಯದಿಂದ ಸರೋದಿನೆಡೆಗೆ

ರಾಜೀವರ ಔಪಚಾರಿಕ ವಿದ್ಯಾಭ್ಯಾಸ ಇಂಗ್ಲಿಷ್ ಸಾಹಿತ್ಯದಲ್ಲಿ ನಡೆಯಿತು. ಟಿ. ಎಸ್. ಎಲಿಯಟ್‌ನ ಕಾವ್ಯವನ್ನು ಕುರಿತು ಸಂಶೋಧನೆ ನಡೆಸಿ ಅವರು ಡಾಕ್ಟರೇಟ್ ಪಡೆದರು. ಅನೇಕ ವರ್ಷ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಕನ್ನಡದಲ್ಲಿ ನವ್ಯ ಸಾಹಿತ್ಯ ರೂಪುಗೊಳ್ಳುತ್ತಿದ್ದ ಕಾಲವದು. ಯು. ಆರ್. ಅನಂತಮೂರ್ತಿ, ಪಿ. ಲಂಕೇಶ್ ಮೊದಲಾದ ಲೇಖಕರ ಒಡನಾಟದಲ್ಲಿ ಅವರು ಚುರುಕಾದ ವಿಮರ್ಶಕರೆಂದು ಹೆಸರಾಗಿದ್ದರು. ಆ ದಾರಿಯಲ್ಲಿಯೇ ಮುಂದುವರಿದಿದ್ದರೆ ಕನ್ನಡ ವಿಮರ್ಶೆಗೆ ಒಬ್ಬ ಹಿರಿಯ ವಿದ್ವಾಂಸರು ದೊರೆಯುತ್ತಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಆ ದಾರಿ ತಿರುಗಿದ್ದು ಉಸ್ತಾದ್ ಅಲಿ ಅಕ್ಬರ್ ಖಾನರ ಸರೋದ್ ಕೇಳಿದ ಬಳಿಕ. 1955ರಲ್ಲಿ ರಾಜೀವರು ಕಲ್ಕತ್ತೆಗೆ ತೆರಳಿ ಅವರ ಶಿಷ್ಯರಾದರು. ಆಗ ಅವರಿಗೆ ಇಪ್ಪತ್ತಮೂರರ ಆಸುಪಾಸು. ಘರಾನೆಯ ಮಕ್ಕಳು ನಾಲ್ಕೈದು ವರ್ಷಕ್ಕೆ ವಾದ್ಯ ಹಿಡಿಯುವ ಲೋಕದಲ್ಲಿ ಇದು ಬಹಳ ತಡವಾದ ಪ್ರವೇಶ. ಕಂಠದಲ್ಲಿ ಆಗಲೇ ಸಿದ್ಧಿಸಿದ್ದ ವಿದ್ಯೆಯನ್ನು ಬದಿಗಿರಿಸಿ, ಎಳೆಯ ವಿದ್ಯಾರ್ಥಿಯಂತೆ ಕೈಬೆರಳುಗಳನ್ನು ಹೊಸದಾಗಿ ಪಳಗಿಸುವುದು ಸುಲಭದ ನಿರ್ಧಾರವಾಗಿರಲಿಲ್ಲ. ಜೀವನೋಪಾಯದ ಭದ್ರತೆ ಇದ್ದುದು ಕಾಲೇಜಿನ ತರಗತಿಯಲ್ಲಿ. ಮನಸ್ಸು ಇದ್ದುದು ತಂತಿಯ ಮೇಲೆ. ಬಹಳ ಕಾಲ ಈ ಎರಡೂ ಅವರ ಬದುಕಿನಲ್ಲಿ ಅಕ್ಕಪಕ್ಕದಲ್ಲಿಯೇ ಸಾಗಿದವು. ಕೊನೆಗೆ ಅಧ್ಯಾಪನವನ್ನು ಬಿಟ್ಟು ಅವರು ಪೂರ್ಣಾವಧಿ ಸಂಗೀತಗಾರರಾದರು.

ಇಲ್ಲಿ ಎಲಿಯಟ್‌ನ ನೆನಪು ಆಕಸ್ಮಿಕವಲ್ಲ. 1919ರಲ್ಲಿ ಪ್ರಕಟವಾದ, ಪರಂಪರೆ ಮತ್ತು ವೈಯಕ್ತಿಕ ಪ್ರತಿಭೆಯನ್ನು ಕುರಿತ ಪ್ರಸಿದ್ಧ ಪ್ರಬಂಧದಲ್ಲಿ ಆತ ಮಂಡಿಸಿದ ವಿಚಾರವೆಂದರೆ, ಪರಂಪರೆ ಪಿತ್ರಾರ್ಜಿತವಾಗಿ ಕೈಸೇರುವುದಿಲ್ಲ, ಬೇಕಾದವನು ಬಹಳ ದುಡಿದು ಅದನ್ನು ಪಡೆಯಬೇಕಾಗುತ್ತದೆ ಎಂಬುದು. ಆ ಕವಿಯನ್ನು ಅಭ್ಯಾಸ ಮಾಡಿದ ರಾಜೀವರು ಈ ವಿಚಾರವನ್ನು ತಮ್ಮ ಕೈಬೆರಳುಗಳಲ್ಲಿ ಪರೀಕ್ಷಿಸಿದರೆಂದು ಹೇಳಬಹುದು.

ಮೈಹರ್ ಘರಾನೆ ಮತ್ತು ವಾದ್ಯದ ಸ್ವರೂಪ

ರಾಜೀವರು ಪ್ರವೇಶಿಸಿದ ಘರಾನೆಯ ಮೂಲಪುರುಷರು ಬಾಬಾ ಅಲ್ಲಾವುದ್ದೀನ್ ಖಾನರು. ರಾಂಪುರದ ಬೀನ್ ವಾದಕ ವಜೀರ್ ಖಾನರಲ್ಲಿ ಕಲಿತ ಅಲ್ಲಾವುದ್ದೀನರು ಈಗಿನ ಮಧ್ಯಪ್ರದೇಶದ ಮೈಹರ್ ಸಂಸ್ಥಾನದಲ್ಲಿ ನೆಲೆಸಿ ಕಲಿಸಿದರು. ಅವರ ಮಗ ಅಲಿ ಅಕ್ಬರ್ ಖಾನ್, ಮಗಳು ಅನ್ನಪೂರ್ಣಾದೇವಿ, ಶಿಷ್ಯರಾದ ರವಿಶಂಕರ್ ಮತ್ತು ನಿಖಿಲ್ ಬ್ಯಾನರ್ಜಿ ಇಪ್ಪತ್ತನೆಯ ಶತಮಾನದ ವಾದ್ಯಸಂಗೀತದ ದಿಕ್ಕನ್ನೇ ಬದಲಿಸಿದರು. ಗಮನಿಸಬೇಕಾದ ಅಂಶವೆಂದರೆ ಈ ಘರಾನೆ ರಕ್ತಸಂಬಂಧಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ರವಿಶಂಕರ್ ಮತ್ತು ನಿಖಿಲ್ ಬ್ಯಾನರ್ಜಿಯವರು ಹೊರಗಿನಿಂದ ಬಂದು ಒಳಗಿನವರಾದವರು. ರಾಜೀವ ತಾರಾನಾಥರು ಅಲಿ ಅಕ್ಬರ್ ಖಾನರಲ್ಲಿ ಮುಖ್ಯವಾಗಿ ಕಲಿತರಾದರೂ ರವಿಶಂಕರ್, ಅನ್ನಪೂರ್ಣಾದೇವಿ, ನಿಖಿಲ್ ಬ್ಯಾನರ್ಜಿಯವರ ಮಾರ್ಗದರ್ಶನವೂ ಅವರಿಗೆ ದೊರೆಯಿತು.

ಸರೋದಿನ ರಚನೆಯನ್ನು ಅರಿತರೆ ಈ ಕಲಿಕೆಯ ಕಠಿಣತೆ ತಿಳಿಯುತ್ತದೆ. ಆಫ್ಘಾನಿಸ್ತಾನದ ರಬಾಬ್ ಇದರ ಪೂರ್ವಜ. ರಬಾಬಿನ ಮರದ ಹಲಗೆಯ ಜಾಗಕ್ಕೆ ಲೋಹದ ತಗಡು, ಕರುಳಿನ ತಂತಿಯ ಜಾಗಕ್ಕೆ ಉಕ್ಕಿನ ತಂತಿ ಬಂದಾಗ ನಾದ ದೀರ್ಘವಾಯಿತು, ಜಾರುವಿಕೆ ಸಾಧ್ಯವಾಯಿತು. ಮೈಹರ್ ಮಾದರಿಯ ಸರೋದಿನಲ್ಲಿ 25 ತಂತಿಗಳಿರುತ್ತವೆ. ಅವುಗಳಲ್ಲಿ 15 ತಂತಿಗಳು ತಾವಾಗಿ ಮಿಡಿಯುವ ತರಬ್ ತಂತಿಗಳು. ಹೊಟ್ಟೆಯ ಭಾಗಕ್ಕೆ ಚರ್ಮ ಹೊದಿಸಲಾಗಿರುತ್ತದೆ. ಬಲಗೈ ತೆಂಗಿನ ಚಿಪ್ಪಿನ ಜವಾದಿಂದ ತಂತಿಯನ್ನು ಮೀಟುತ್ತದೆ. ಎಡಗೈ ಉಗುರಿನ ಅಂಚಿನಿಂದ ತಂತಿಯನ್ನು ತಗಡಿಗೆ ಒತ್ತಿ ಜಾರುತ್ತದೆ. ವೀಣೆಯಲ್ಲಿ, ಸಿತಾರಿನಲ್ಲಿ ಸ್ವರಸ್ಥಾನವನ್ನು ತೋರುವ ಮೆಟ್ಟಿಲುಗಳಿವೆ. ಸರೋದಿನ ತಗಡು ನುಣುಪು. ಅಲ್ಲಿ ಯಾವ ಗುರುತೂ ಇಲ್ಲ. ಕೂದಲೆಳೆಯಷ್ಟು ಸರಿದರೂ ಸ್ವರ ಕೆಡುತ್ತದೆ. ಆದ್ದರಿಂದ ವಾದಕನ ಕೈಗೆ ದಾರಿ ತೋರಿಸಬೇಕಾದುದು ಅವನ ಕಿವಿಯೇ.

ಇಲ್ಲಿಯೇ ರಾಜೀವರ ಬಾಲ್ಯದ ಗಾಯನ ಕೈಹಿಡಿಯಿತು. ಮೈಹರ್ ಪದ್ಧತಿಯಲ್ಲಿ ವಾದ್ಯದ ಪಾಠವೂ ಹಾಡಿನ ಮೂಲಕವೇ ಸಾಗುವುದುಂಟು. ಗುರು ಹಾಡಿ ತೋರಿಸುತ್ತಾರೆ. ಶಿಷ್ಯ ಅದನ್ನು ಮನಸ್ಸಿನಲ್ಲಿ ಹಾಡಿಕೊಂಡು ತಂತಿಗೆ ಇಳಿಸುತ್ತಾನೆ. ಅನ್ನಪೂರ್ಣಾದೇವಿಯವರು ಸರೋದ್, ಸಿತಾರ್, ಕೊಳಲು ಮುಂತಾದ ಬೇರೆ ಬೇರೆ ವಾದ್ಯಗಳ ಶಿಷ್ಯರಿಗೆ ಕಲಿಸಿದ್ದು ಈ ಕ್ರಮದಲ್ಲಿಯೇ. ತಡವಾಗಿ ವಾದ್ಯ ಹಿಡಿದ ರಾಜೀವರಿಗೆ ಕೈ ಹೊಸದಾಗಿತ್ತು, ಕಿವಿ ಹಳೆಯದಾಗಿತ್ತು. ಅವರ ಆಲಾಪದಲ್ಲಿ ಕೇಳುಗರು ಗುರುತಿಸಿದ ನಿಧಾನ ಬೆಳವಣಿಗೆ, ಒಂದು ಸ್ವರದಲ್ಲಿ ತಂಗಿ ಅದರ ಸುತ್ತಣ ಮೌನವನ್ನೂ ಕೇಳಿಸುವ ಗುಣ, ಗಾಯಕಿ ಅಂಗದ ಮೀಂಡ್‌ಗಳು ಈ ಹಿನ್ನೆಲೆಯಿಂದ ಬಂದವು.

ಹಾಡುವ ತಂತಿ: ಒಂದು ತೌಲನಿಕ ನೋಟ

ತಂತಿ ಕಂಠದ ಜೊತೆಗಾರನಾಗುವುದು ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಸೀಮೆಯ ಭಜನೆ ಮನೆಗಳಲ್ಲಿ ತಂಬೂರಿ ಹಿಡಿದು ತತ್ತ್ವಪದ ಹಾಡುವವರನ್ನು ಬಲ್ಲ ಓದುಗರಿಗೆ ಇದು ಪರಿಚಿತ. ಅಲ್ಲಿ ತಂತಿ ಶ್ರುತಿ ಹಿಡಿದು ಹಾಡುವವನ ಬೆನ್ನಿಗೆ ನಿಲ್ಲುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಡುವವನಿಗೆ ತಂತಿಯೇ ಮರುನುಡಿ ಕೊಡುವ ಪದ್ಧತಿ ಅಮೆರಿಕದ ಬ್ಲೂಸ್ ಸಂಗೀತದಲ್ಲಿದೆ.

ಬ್ಲೂಸ್ ಎಂಬುದು ಗುಲಾಮಗಿರಿಯ ನೊಗ ಕಳಚಿದ ಬಳಿಕವೂ ಬಡತನ ಮತ್ತು ವರ್ಣಭೇದದಿಂದ ಬಿಡುಗಡೆ ಕಾಣದ ಕಪ್ಪು ಜನರು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಟ್ಟಿದ ಹಾಡು. ಮಿಸಿಸಿಪ್ಪಿಯ ಹತ್ತಿಯ ಹೊಲಗಳಲ್ಲಿ ಬೆಳೆದ ಮಡ್ಡಿ ವಾಟರ್ಸ್ 1943ರಲ್ಲಿ ಶಿಕಾಗೋ ನಗರಕ್ಕೆ ವಲಸೆ ಹೋಗಿ ಅದಕ್ಕೆ ನಗರದ ಧ್ವನಿ ಕೊಟ್ಟರು. ಅದೇ ರಾಜ್ಯದಲ್ಲಿ ಹುಟ್ಟಿದ ಬಿ. ಬಿ. ಕಿಂಗ್ (1925–2015) ಒಂದು ಸಾಲು ಹಾಡಿ, ಮುಂದಿನ ಸಾಲನ್ನು ಗಿಟಾರಿನಿಂದಲೇ ನುಡಿಸುತ್ತಿದ್ದರು. ಗಿಟಾರಿನ ಮೆಟ್ಟಿಲುಗಳ ನಡುವೆ ಅಡಗಿರುವ ಸ್ವರಗಳನ್ನು ಹಿಡಿಯಲು ಬ್ಲೂಸ್ ವಾದಕರು ತಂತಿಯನ್ನು ಪಕ್ಕಕ್ಕೆ ತಳ್ಳುತ್ತಾರೆ, ಇಲ್ಲವೇ ಗಾಜಿನ ಅಥವಾ ಲೋಹದ ಕೊಳವೆಯನ್ನು ತಂತಿಯ ಮೇಲೆ ಜಾರಿಸುತ್ತಾರೆ. ಸರೋದ್ ವಾದಕನ ಮೀಂಡ್ ಮತ್ತು ಬ್ಲೂಸ್ ವಾದಕನ ಈ ಎಳೆತ ಬೇರೆ ಬೇರೆ ಸಂಸ್ಕೃತಿಗಳ ಫಲಗಳಾದರೂ ಎರಡರ ಉದ್ದೇಶ ಒಂದೇ: ಲೋಹದ ತಂತಿಗೆ ಮನುಷ್ಯ ಕಂಠದ ಗುಣ ತರುವುದು.

ಈ ಎರಡು ಲೋಕಗಳ ನಡುವೆ ವಾಸ್ತವವಾದ ಸಂಪರ್ಕಗಳೂ ಇದ್ದವು. 1955ರಲ್ಲಿ, ರಾಜೀವರು ಶಿಷ್ಯರಾದ ವರ್ಷದಲ್ಲಿಯೇ, ಅಲಿ ಅಕ್ಬರ್ ಖಾನರು ಪಿಟೀಲು ವಾದಕ ಯೆಹೂದಿ ಮೆನುಹಿನ್ನರ ಆಹ್ವಾನದ ಮೇರೆಗೆ ಅಮೆರಿಕದಲ್ಲಿ ನುಡಿಸಿದರು. 1966ರಲ್ಲಿ ಪಾಲ್ ಬಟರ್‌ಫೀಲ್ಡ್ ಬ್ಲೂಸ್ ತಂಡ ಹೊರತಂದ 'ಈಸ್ಟ್ ವೆಸ್ಟ್' ಎಂಬ ದೀರ್ಘ ವಾದ್ಯಕೃತಿಯಲ್ಲಿ ಗಿಟಾರ್ ವಾದಕ ಮೈಕ್ ಬ್ಲೂಮ್‌ಫೀಲ್ಡ್ ರಾಗ ವಿಸ್ತಾರದ ಕ್ರಮವನ್ನು ಬ್ಲೂಸ್‌ಗೆ ಅಳವಡಿಸಲು ಯತ್ನಿಸಿದರು. ಗಿಟಾರ್ ಕೂಡ ಮೈಹರ್ ಮನೆಯನ್ನು ಪ್ರವೇಶಿಸಿತು. ಗಿಟಾರನ್ನು ಅಡ್ಡಲಾಗಿ ಇರಿಸಿ ಉಕ್ಕಿನ ತುಂಡನ್ನು ಜಾರಿಸಿ ಹಿಂದೂಸ್ತಾನಿ ರಾಗಗಳನ್ನು ನುಡಿಸಿದ ಬ್ರಿಜಭೂಷಣ ಕಾಬ್ರಾ ಅವರು ಅಲಿ ಅಕ್ಬರ್ ಖಾನರ ಶಿಷ್ಯರೇ, ಅಂದರೆ ರಾಜೀವ ತಾರಾನಾಥರ ಗುರುಬಂಧು.

ಆದರೆ ಸಾಮ್ಯದಷ್ಟೇ ಭೇದವೂ ಮುಖ್ಯ. ಬ್ಲೂಸ್ ಹಾಡುಗಾರ ತನ್ನ ಮತ್ತು ತನ್ನ ಜನರ ನೋವನ್ನು ತನ್ನದೇ ಮಾತಿನಲ್ಲಿ ಹೇಳುತ್ತಾನೆ. ರಾಗಸಂಗೀತದಲ್ಲಿ ವಾದಕನ ಸ್ವಂತ ಕಥೆಗೆ ನೇರವಾದ ಸ್ಥಾನವಿಲ್ಲ. ರಾಗವೇ ಅಲ್ಲಿನ ವ್ಯಕ್ತಿ. ವಾದಕನ ಬದುಕು ರಾಗವನ್ನು ನಡೆಸುವ ರೀತಿಯಲ್ಲಿ ಮಾತ್ರ ತೋರಿಬರುತ್ತದೆ. ಈ ಸಂಯಮವನ್ನು ರಾಜೀವರು ಕೊನೆಯವರೆಗೂ ಪಾಲಿಸಿದರು.

ಚಲನಚಿತ್ರ ಸಂಗೀತ

ಕನ್ನಡದ ಸಾಮಾನ್ಯ ಜನರಿಗೆ ರಾಜೀವ ತಾರಾನಾಥರ ಹೆಸರು ಮೊದಲು ತಲುಪಿದ್ದು ಕಛೇರಿಗಳಿಗಿಂತ ಹೆಚ್ಚಾಗಿ ಚಿತ್ರಗಳ ಮೂಲಕ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ 'ಸಂಸ್ಕಾರ' (1970) ಚಿತ್ರಕ್ಕೆ ಅವರೇ ಸಂಗೀತ ನೀಡಿದರು. ಮೊದಲು ಸೆನ್ಸಾರ್ ಮಂಡಳಿಯ ನಿಷೇಧಕ್ಕೆ ಗುರಿಯಾಗಿ, ಬಳಿಕ ರಾಷ್ಟ್ರದ ಶ್ರೇಷ್ಠ ಚಿತ್ರವೆಂಬ ಸ್ವರ್ಣಕಮಲ ಪಡೆದ ಈ ಕೃತಿ ಕನ್ನಡದ ಹೊಸ ಅಲೆಯ ಚಿತ್ರಗಳಿಗೆ ನಾಂದಿಯಾಯಿತು. ಅನಂತರ ಲಂಕೇಶರ 'ಪಲ್ಲವಿ' (1976), 'ಅನುರೂಪ' (1977), 'ಖಂಡವಿದೆಕೋ ಮಾಂಸವಿದೆಕೋ' (1979) ಚಿತ್ರಗಳಿಗೂ ಅವರದೇ ಸಂಗೀತ.

ಕೇರಳದಲ್ಲಿ ಜಿ. ಅರವಿಂದನ್ನರ 'ಕಾಂಚನ ಸೀತಾ' (1977) ಹಾಗೂ ಎಂ. ಟಿ. ವಾಸುದೇವನ್ ನಾಯರರ 'ಕಡವು' (1991) ಚಿತ್ರಗಳಿಗೂ ಅವರು ದುಡಿದರು. ಅರವಿಂದನ್ನರ 'ಪೋಕ್ಕುವೆಯಿಲ್' ಚಿತ್ರದಲ್ಲಿ ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲಿನೊಡನೆ ರಾಜೀವರ ಸರೋದ್ ಕೇಳಿಬರುತ್ತದೆ; ಸಂಗೀತವನ್ನು ಅನುಸರಿಸಿ ದೃಶ್ಯಗಳನ್ನು ಜೋಡಿಸಿದ ಅಪರೂಪದ ಪ್ರಯೋಗವೆಂದು ಅದನ್ನು ಗುರುತಿಸಲಾಗಿದೆ.

ಹಾಡು ಕುಣಿತಗಳನ್ನೇ ಚಿತ್ರಸಂಗೀತವೆಂದು ಎಣಿಸುತ್ತಿದ್ದ ಕಾಲದಲ್ಲಿ ಹಿನ್ನೆಲೆಯ ನಾದಕ್ಕೆ ಅರ್ಥ ನಿರ್ಮಿಸುವ ಹೊಣೆ ಇದೆಯೆಂದು ಈ ಚಿತ್ರಗಳು ತೋರಿಸಿಕೊಟ್ಟವು. ಸಾಹಿತ್ಯ ವಿಮರ್ಶಕನ ದೃಷ್ಟಿ ಮತ್ತು ವಾದಕನ ಕಿವಿ ಎರಡೂ ಒಬ್ಬನಲ್ಲಿಯೇ ಇದ್ದುದರ ಪ್ರಯೋಜನ ಇಲ್ಲಿ ಸ್ಪಷ್ಟ. ಎಲ್ಲಿ ನುಡಿಸಬೇಕು ಎಂಬುದನ್ನು ಬಲ್ಲವರು ಅನೇಕರು. ಎಲ್ಲಿ ನುಡಿಸಬಾರದು ಎಂಬ ವಿವೇಕ ಕಥೆಯನ್ನು ಒಳಹೊಕ್ಕು ಓದಬಲ್ಲವನಿಗೆ ಮಾತ್ರ ಸಿದ್ಧಿಸುತ್ತದೆ.

ಬೋಧನೆ ಮತ್ತು ಪ್ರಭಾವ

ಕಲಾವಿದನ ಪ್ರಭಾವವನ್ನು ಅಳೆಯುವ ಅತ್ಯಂತ ಖಚಿತವಾದ ಕೋಲು ಅವನ ಕಲಿಸುವಿಕೆ. 1989ರಿಂದ 1992ರವರೆಗೆ ರಾಜೀವರು ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಮೈಹರ್ ಅಲ್ಲಾವುದ್ದೀನ್ ಘರಾನೆಯ ಬೋಧನಾ ಕ್ರಮವನ್ನು ಕುರಿತು ಸಂಶೋಧನೆ ನಡೆಸಿದರು. ಇದು ಮಹತ್ವದ ಕೆಲಸ. ಘರಾನೆಯ ರಾಗಗಳು, ಗತ್‌ಗಳು ಧ್ವನಿಮುದ್ರಿಕೆಗಳಲ್ಲಿ ಉಳಿಯಬಹುದು. ಆದರೆ ಗುರು ಯಾವ ಪಾಠವನ್ನು ಯಾವಾಗ ಕೊಟ್ಟರು, ಏನನ್ನು ತಡೆಹಿಡಿದರು, ತಪ್ಪನ್ನು ಹೇಗೆ ತಿದ್ದಿದರು ಎಂಬ ತಿಳಿವಳಿಕೆ ಗುರುಗಳೊಂದಿಗೆ ಕಣ್ಮರೆಯಾಗುವಂತಹುದು. ಬಾಯಿಂದ ಕಿವಿಗೆ ಸಾಗುವ ವಿದ್ಯೆಯ ಆ ಒಳಮಾರ್ಗವನ್ನು ಶೋಧಿಸಲು ಸಂಶೋಧನೆಯ ಶಿಸ್ತನ್ನೂ ಶಿಷ್ಯತ್ವದ ಅನುಭವವನ್ನೂ ಹೊಂದಿದವರೇ ಬೇಕಿತ್ತು.

1995ರಿಂದ 2005ರವರೆಗೆ ಅವರು ಅಮೆರಿಕದ ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್ ಸಂಸ್ಥೆಯ ಜಾಗತಿಕ ಸಂಗೀತ ವಿಭಾಗದಲ್ಲಿ ಭಾರತೀಯ ಸಂಗೀತದ ಮುಖ್ಯಸ್ಥರಾಗಿದ್ದರು. ಅವರ ಗುರು ಅಲಿ ಅಕ್ಬರ್ ಖಾನರು 1967ರಲ್ಲಿ ಅದೇ ರಾಜ್ಯದಲ್ಲಿ ಸಂಗೀತ ಕಾಲೇಜನ್ನು ಸ್ಥಾಪಿಸಿದ್ದರು. ಹೀಗೆ ಗುರು ಬಿತ್ತಿದ ನೆಲದಲ್ಲಿ ಶಿಷ್ಯನೂ ಒಂದು ದಶಕ ಬೇಸಾಯ ಮಾಡಿದಂತಾಯಿತು. ಅನಂತರ ಮೈಸೂರಿನಲ್ಲಿ ನೆಲೆಸಿ ಮುಪ್ಪಿನ ದಿನಗಳಲ್ಲಿಯೂ ಶಿಷ್ಯರಿಗೆ ಪಾಠ ಹೇಳುವುದನ್ನು ಮುಂದುವರಿಸಿದರು. ಸರೋದ್ ಕಲಿಯಬೇಕೆಂಬ ಕನ್ನಡದ ಹುಡುಗನೋ ಹುಡುಗಿಯೋ ಕಲ್ಕತ್ತೆಯ ರೈಲು ಹತ್ತಲೇಬೇಕಾಗಿದ್ದ ಕಾಲ ಹೀಗೆ ಮುಗಿಯಿತು. 1955ರಲ್ಲಿ ಅವರು ನಾಡಿನಾಚೆ ಅರಸಿಹೋದ ವಿದ್ಯೆ ನಾಡಿನೊಳಗೇ ದೊರೆಯುವಂತಾದುದು ಅವರ ಸಾಧನೆಗಳಲ್ಲಿ ಅತ್ಯಂತ ಸಾರ್ಥಕವಾದುದು.

ಮನ್ನಣೆಗಳೂ ಅವರನ್ನು ಅರಸಿ ಬಂದವು. ರಾಜ್ಯೋತ್ಸವ ಪ್ರಶಸ್ತಿ, 1998ರಲ್ಲಿ ಚೌಡಯ್ಯ ಪ್ರಶಸ್ತಿ, 1999–2000ನೆಯ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಮತ್ತು 2019ರಲ್ಲಿ ಪದ್ಮಶ್ರೀ ಅವುಗಳಲ್ಲಿ ಮುಖ್ಯವಾದವು. 2024ರ ಜೂನ್ 11ರಂದು, ತಮ್ಮ 91ನೆಯ ವಯಸ್ಸಿನಲ್ಲಿ, ಅವರು ಮೈಸೂರಿನಲ್ಲಿ ನಿಧನರಾದರು.

ಉಪಸಂಹಾರ

ರಾಜೀವ ತಾರಾನಾಥರ ಬದುಕಿನಲ್ಲಿ ಕಳೆದುಕೊಂಡುದರ ಲೆಕ್ಕವೂ ಇದೆ. ಕನ್ನಡ ವಿಮರ್ಶೆ ಅವರಿಂದ ಪಡೆಯಬಹುದಾಗಿದ್ದ ಗ್ರಂಥಗಳು ಬರೆಯದೆ ಉಳಿದವು. ಆಕಾಶವಾಣಿಯಲ್ಲಿ ಹಾಡಿದ್ದ ಕಂಠ ವೇದಿಕೆಯಿಂದ ಹಿಂದೆ ಸರಿಯಿತು. ಒಂದು ವಿದ್ಯೆಗೆ ಪೂರ್ತಿಯಾಗಿ ಒಲಿಯಬೇಕಾದರೆ ಇನ್ನೊಂದಕ್ಕೆ ಬೆನ್ನು ತಿರುಗಿಸಬೇಕಾಗುತ್ತದೆ ಎಂಬ ಕಠಿಣ ಸತ್ಯವನ್ನು ಅವರ ಆಯ್ಕೆ ಮರೆಮಾಚುವುದಿಲ್ಲ. ಆದರೂ ಬಿಟ್ಟುಬಂದುದು ವ್ಯರ್ಥವಾಗಲಿಲ್ಲ. ಹಾಡು ತಂತಿಯ ಮೀಂಡ್ ಆಯಿತು. ವಿಮರ್ಶೆ ರಾಗದ ನಡೆಯಲ್ಲಿ ಔಚಿತ್ಯವಾಯಿತು. ಅಧ್ಯಾಪನ ಶಿಷ್ಯವೃಂದವಾಗಿ ಮುಂದುವರಿಯಿತು.

ಮೆಟ್ಟಿಲುಗಳಿಲ್ಲದ ವಾದ್ಯದಲ್ಲಿ ಸ್ವರಸ್ಥಾನವನ್ನು ಪ್ರತಿ ಸಲವೂ ಹೊಸದಾಗಿ ಕಂಡುಕೊಳ್ಳಬೇಕು. ನಿನ್ನೆ ಸರಿಯಾಗಿ ಹಿಡಿದ ಸ್ವರ ಇಂದು ತಾನಾಗಿ ಕೈಗೆ ಬರುವುದಿಲ್ಲ. ಪರಂಪರೆಯ ಸ್ಥಿತಿಯೂ ಇದೇ. ಮನೆತನದ ಹಕ್ಕಿಲ್ಲದೆ, ತಡವಾಗಿ ಬಂದು, ದುಡಿದು ಗಳಿಸಿದ ವಿದ್ಯೆಯನ್ನು ರಾಜೀವ ತಾರಾನಾಥರು ಈ ನಾಡಿನ ಮಕ್ಕಳ ಕೈಗೆ ಕೊಟ್ಟು ಹೋಗಿದ್ದಾರೆ. ಪಡೆದವರೂ ಅದನ್ನು ಮತ್ತೆ ದುಡಿದೇ ತಮ್ಮದಾಗಿಸಿಕೊಳ್ಳಬೇಕಾಗಿದೆ.